ಅರ್ಧಕ್ಕೆ ಆಫ್ ಮಾಡಿದ ಆರ್ಚ್ ಲಿನಕ್ಸ್ ಇನ್‌ಸ್ಟಾಲ್, ಮತ್ತೆ ಮೊದಲಿಂದ ಶುರು ಮಾಡ್ಬೇಕಾ?

ಹೊಸ_ಪೆಂಗ್ವಿನ್:
ಎಲ್ರಿಗೂ ನಮಸ್ಕಾರ. 2021ರಿಂದ ಐಎಸ್‌ಒ (ಪೆನ್‌ಡ್ರೈವಿಗೆ ಹಾಕೋ ಇನ್‌ಸ್ಟಾಲ್ ಇಮೇಜು) ಒಳಗೇ ಇನ್‌ಸ್ಟಾಲ್ ಮಾಡ್ಕೊಡೋ ಆರ್ಚ್‌ಇನ್‌ಸ್ಟಾಲ್ ಸ್ಕ್ರಿಪ್ಟ್ ಬರುತ್ತೆ ಅಂತ ಗೊತ್ತು, ಆದ್ರೂ ಕೈಯಾರೆ ಮಾಡ್ಬೇಕು ಅನ್ನೋ ಹಠ ನಂದು. ನಿನ್ನೆ ರಾತ್ರಿ ಕೂತು ಪಾರ್ಟಿಷನ್ ಮಾಡಿ ಫಾರ್ಮ್ಯಾಟ್ ಮಾಡಿ ಮೌಂಟ್ ಮಾಡಿ (ಪಾರ್ಟಿಷನ್ನ ಫೋಲ್ಡರಿಗೆ ಜೋಡ್ಸಿ) ಪ್ಯಾಕ್‌ಸ್ಟ್ರಾಪ್ ಓಡ್ಸಿ (ಮೂಲ ಸಿಸ್ಟಮ್ ಡಿಸ್ಕಿಗೆ ಇಳ್ಸಿ) ಎಫ್‌ಎಸ್‌ಟ್ಯಾಬ್ (ಯಾವ ಪಾರ್ಟಿಷನ್ ಎಲ್ಲಿ ಮೌಂಟ್ ಆಗ್ಬೇಕು ಅನ್ನೋ ಪಟ್ಟಿ) ಬರ್ಸಿ ಕ್ರೂಟ್ (ಡಿಸ್ಕಲ್ಲಿರೋ ಹೊಸ ಸಿಸ್ಟಮ್) ಒಳಗೆ ಹೋಗಿ ಟೈಮ್‌ಝೋನು ಲೊಕೇಲು ಎಲ್ಲಾ ಮುಗ್ಸಿದ್ದೆ, ಗ್ರಬ್ (ಸಿಸ್ಟಮ್ ಬೂಟ್ ಮಾಡ್ಸೋ ಪ್ರೋಗ್ರಾಮು) ಒಂದೇ ಬಾಕಿ. ಅಷ್ಟೊತ್ತಿಗೆ ಎರಡು ಗಂಟೆ ಆಗಿತ್ತು, ನಿದ್ದೆ ತಡೀಲಾರದೆ ಪವರ್‌ಆಫ್ ಹೊಡ್ದು ಮಲಗ್ಬಿಟ್ಟೆ. ಬೆಳಗ್ಗೆ ಪೆನ್‌ಡ್ರೈವಿಂದ ಬೂಟ್ ಮಾಡಿದ್ರೆ ವೈಫೈ ಇಲ್ಲ, ನಿನ್ನೆ ಡಿಸ್ಕ್ ಮೌಂಟ್ ಮಾಡಿದ್ದ ಎಂಎನ್‌ಟಿ ಫೋಲ್ಡರ್ ಖಾಲಿ, ಏನೂ ಮಾಡೇ ಇಲ್ವೇನೋ ಅನ್ನೋ ಥರ. ಎಲ್ಲಾ ಹೋಯ್ತಾ? ಮತ್ತೆ ಫಾರ್ಮ್ಯಾಟಿಂದ ಶುರು ಮಾಡ್ಲಾ?

ರೂಟ್_ರಂಗ:
ಅಯ್ಯೋ ತಡೀರಿ, ಫಾರ್ಮ್ಯಾಟ್ ಕಮಾಂಡ್ ಹತ್ರ ಮಾತ್ರ ಹೋಗ್ಬೇಡಿ! ಎಂಕೆಎಫ್‌ಎಸ್ ಇನ್ನೊಂದ್ಸಲ ಓಡಿಸಿದ್ರೆ ಆಗ ನಿಜವಾಗ್ಲೂ ಎಲ್ಲಾ ಹೋಗುತ್ತೆ.

ಪೆನ್‌ಡ್ರೈವಿಂದ ಬರೋ ಲೈವ್ ಸಿಸ್ಟಮ್ ಇರೋದು ಮೆಮೊರಿಲಿ, ಆಫ್ ಮಾಡಿದ ತಕ್ಷಣ ಅದು ಎಲ್ಲಾ ಮರ್ತುಬಿಡುತ್ತೆ. ವೈಫೈ ಪಾಸ್‌ವರ್ಡು, ಕೀಬೋರ್ಡ್ ಲೇಔಟು, ಸ್ವಾಪ್ ಆನ್ ಮಾಡಿದ್ದು, ಯಾವ ಪಾರ್ಟಿಷನ್ ಎಲ್ಲಿ ಮೌಂಟ್ ಆಗಿತ್ತು ಅನ್ನೋದು ಅಷ್ಟೇ ಹೋಗಿರೋದು. ಪ್ಯಾಕ್‌ಸ್ಟ್ರಾಪ್ ಇಳಿಸಿದ್ದು, ಕ್ರೂಟ್ ಒಳಗೆ ಕೂತು ಬರೆದಿದ್ದು ಎಲ್ಲಾ ಡಿಸ್ಕಲ್ಲಿ ಭದ್ರವಾಗಿದೆ.

ಮೊದ್ಲು ವೈಫೈ ಹಿಡಿಸೋ ಐಡಬ್ಲ್ಯೂಸಿಟಿಎಲ್‌ನಲ್ಲಿ ನೆಟ್ ಹಿಡ್ಕೊಳ್ಳಿ, ಆಮೇಲೆ ಡಿಸ್ಕ್ ಪಟ್ಟಿ ತೋರ್ಸೋ ಎಲ್‌ಎಸ್‌ಬ್ಲಾಕ್‌ಗೆ ಮೈನಸ್ ಎಫ್ ಹಾಕಿ ಯಾವುದು ರೂಟ್, ಅಂದ್ರೆ ಸಿಸ್ಟಮ್ ಇರೋ ಮುಖ್ಯ ಪಾರ್ಟಿಷನ್ ಅಂತ ನೋಡ್ಕೊಳ್ಳಿ (ಡಿಸ್ಕಿನ ಎಸ್‌ಡಿಎ, ಎಸ್‌ಡಿಬಿ ಹೆಸರು ನೆನ್ನೆ ಇದ್ದಂಗೇ ಇವತ್ತೂ ಇರುತ್ತೆ ಅಂತ ನಂಬ್ಬೇಡಿ, ಪೆನ್‌ಡ್ರೈವ್ ಬೇರೆ ಪೋರ್ಟಿಗೆ ಹೋದ್ರೂ ಅದಲು ಬದಲಾಗ್ಬೋದು, ಫೈಲ್‌ಸಿಸ್ಟಮ್ ನೋಡಿ ಗುರುತು ಹಿಡೀರಿ), ಅದನ್ನ ಎಂಎನ್‌ಟಿಗೆ ಮೌಂಟ್ ಮಾಡಿ ಆರ್ಚ್-ಕ್ರೂಟ್ ಹೊಡೀರಿ, ನಿಲ್ಸಿದ ಜಾಗದಿಂದ ಮುಂದುವರ್ಸಿ. ಎಫ್‌ಎಸ್‌ಟ್ಯಾಬ್ ಬರೆಯೋ ಜೆನ್‌ಎಫ್‌ಎಸ್‌ಟ್ಯಾಬ್ ಮತ್ತೆ ಓಡಿಸ್ಬೇಡಿ, ಎರಡು ಬಾಣ (>>) ಹಾಕಿ ಬರೆಸೋದಲ್ವಾ, ಅದೇ ಸಾಲುಗಳು ಇನ್ನೊಂದ್ಸಲ ಕೆಳಗೆ ಸೇರ್ಕೊಂಡ್ಬಿಡುತ್ತೆ.

ಹೊಸ_ಪೆಂಗ್ವಿನ್:
ಅಬ್ಬಾ, ಹೋದ ಜೀವ ಬಂತು. ರೂಟ್ ಮೌಂಟ್ ಮಾಡಿದೆ, ಒಳಗೆ ಎಲ್ಲಾ ಹಂಗೇ ಇದೆ! ಆದ್ರೆ ಗ್ರಬ್-ಇನ್‌ಸ್ಟಾಲ್ ಹೊಡೆದ್ರೆ ಬೂಟ್ ಫೋಲ್ಡರ್ ಇಎಫ್‌ಐ ಪಾರ್ಟಿಷನ್ (ಬೂಟ್ ಫೈಲ್‌ಗಳಿರೋ ಪಾರ್ಟಿಷನ್) ಥರ ಕಾಣ್ತಿಲ್ಲ ಅಂತ ಬೈತಿದೆ, ನೋಡಿದ್ರೆ ಬೂಟ್ ಖಾಲಿ ಇದೆ. ಕರ್ನಲ್ (ಸಿಸ್ಟಮಿನ ತಿರುಳು) ಎಲ್ಲೋಯ್ತು?

ಬೂಟ್_ಆಗದವ:
ರಂಗಣ್ಣ ರೂಟ್ ಒಂದನ್ನೇ ಹೇಳಿ ಬಿಟ್ರು ನೋಡಿ. ನೆನ್ನೆ ಇಎಫ್‌ಐ ಪಾರ್ಟಿಷನ್ನ ಬೂಟ್‌ಗೆ ಮೌಂಟ್ ಮಾಡಿದ್ರಿ ಅಲ್ವಾ, ಕರ್ನಲ್ ಇರೋದು ಅಲ್ಲಿ, ಇವತ್ತು ಅದನ್ನ ಮೌಂಟೇ ಮಾಡಿಲ್ಲ ನೀವು. ಕ್ರೂಟಿಂದ ಎಕ್ಸಿಟ್ ಆಗಿ ಅದನ್ನ ಎಂಎನ್‌ಟಿ ಒಳಗಿನ ಬೂಟ್‌ಗೆ ಮೌಂಟ್ ಮಾಡಿ ವಾಪಸ್ ಬನ್ನಿ, ವಿಎಂಲಿನಝ್ (ಕರ್ನಲ್ ಫೈಲು) ಮತ್ತೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿಗೆ ಬೇಕಾದ ಇಮೇಜು) ಕಣ್ಣಿಗೆ ಬಿದ್ದ ಮೇಲೇ ಗ್ರಬ್ ಮುಟ್ಟಿ. ಯಾವುದು ಎಲ್ಲಿತ್ತು ಅಂತ ಮರ್ತೋಗಿದ್ರೆ ನೆನ್ನೆ ಬರೆಸಿದ ಎಫ್‌ಎಸ್‌ಟ್ಯಾಬ್ ಓದಿ, ಯುಯುಐಡಿ (ಪಾರ್ಟಿಷನ್ನಿನ ಗುರುತು) ಸಮೇತ ಅಲ್ಲೇ ಇದೆ.

ಎರರ್ ಬಂದಿದ್ದು ನಿಮ್ಮ ಪುಣ್ಯ. ನಾನು ಇದೇ ಥರ ಬೂಟ್ ಮೌಂಟ್ ಮಾಡದೆ ಕ್ರೂಟ್ ಒಳಗೆ ಹೋಗಿ ಪೂರ್ತಿ ಅಪ್‌ಡೇಟ್ ಹೊಡ್ದಿದ್ದೆ, ಒಂದು ಎರರ್ ಇಲ್ಲ, ಹೊಸ ಕರ್ನಲ್ ಹೋಗಿ ರೂಟ್ ಪಾರ್ಟಿಷನ್ನಿನ ಖಾಲಿ ಬೂಟ್ ಫೋಲ್ಡರಲ್ಲಿ ಕೂತ್ಕೊಳ್ತು, ಆಮೇಲೆ ಇಎಫ್‌ಐ ಪಾರ್ಟಿಷನ್ ಅದರ ಮೇಲೆ ಮೌಂಟ್ ಆದಾಗ ಮುಚ್ಚೋಯ್ತು. ಬೂಟ್ ಆಗಿದ್ದು ಹಳೇ ಕರ್ನಲ್, ಡಿಸ್ಕಲ್ಲಿದ್ದಿದ್ದು ಹೊಸದರ ಮಾಡ್ಯೂಲ್‌ಗಳು (ಡ್ರೈವರ್ ಫೈಲ್‌ಗಳು), ವೈಫೈ ಸತ್ತೋಗಿತ್ತು, ಎರಡು ದಿನ ತಲೆ ಕೆರ್ಕೊಂಡಿದ್ದೀನಿ.

ಸಬ್‌ವಾಲ್ಯೂಮ್:
ಇದೇ ತೊಂದ್ರೆಲಿ ಇರೋ ಬೇರೆಯವ್ರಿಗೆ ಒಂದ್ಮಾತು, ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ್ರೆ ಮೌಂಟಿಗೆ ಮುಂಚೆ ಕ್ರಿಪ್ಟ್‌ಸೆಟಪ್ ಓಪನ್ ಕಮಾಂಡ್ ಹೊಡ್ದು ಬೀಗ ತೆಗೀಬೇಕು. ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಮ್ ಆದ್ರೆ ಸಬ್‌ವಾಲ್ಯೂಮ್ (ಅದರೊಳಗಿನ ಉಪಭಾಗ) ಹೆಸರು ಕೊಟ್ಟೇ ಮೌಂಟ್ ಮಾಡಿ, ಇಲ್ಲಾಂದ್ರೆ ರೂಟ್ ಬದಲು ಬರೀ ಸಬ್‌ವಾಲ್ಯೂಮ್‌ಗಳ ಫೋಲ್ಡರ್ ಕಾಣುತ್ತೆ. ಪ್ಯಾಕ್‌ಸ್ಟ್ರಾಪ್ ಮಧ್ಯದಲ್ಲೇ ಕರೆಂಟ್ ಹೋಗಿದ್ರೆ ಅದನ್ನೇ ಮತ್ತೆ ಓಡ್ಸಿ, ಡೇಟಾಬೇಸ್ ಲಾಕ್ ಆಗಿದೆ ಅಂದ್ರೆ ಪ್ಯಾಕ್‌ಮ್ಯಾನ್ (ಪ್ಯಾಕೇಜ್ ಹಾಕೋ ಪ್ರೋಗ್ರಾಮು) ಬಿಟ್ಟೋದ ಲಾಕ್ ಫೈಲ್ ಅಳಿಸಿ. ಮತ್ತೆ ಆಫ್ ಮಾಡೋ ಮುಂಚೆ ಎಕ್ಸಿಟ್ ಆಗಿ ಅನ್‌ಮೌಂಟ್ ಮಾಡೋದು ರೂಢಿ ಮಾಡ್ಕೊಳ್ಳಿ.

ಹೊಸ_ಪೆಂಗ್ವಿನ್:
ಆಯ್ತು ಆಯ್ತು ಆಯ್ತು!! ಪೆನ್‌ಡ್ರೈವ್ ಕಿತ್ತಾಕಿ ರೀಬೂಟ್ ಮಾಡಿದೆ, ಲಾಗಿನ್ ಬಂತು. ಆದ್ರೆ ಈಗ ನೆಟ್ಟೇ ಇಲ್ಲ, ಐಡಬ್ಲ್ಯೂಸಿಟಿಎಲ್ ಅಂದ್ರೆ ಅಂಥ ಕಮಾಂಡೇ ಇಲ್ಲ ಅಂತಿದೆ 😭

ರೂಟ್_ರಂಗ:
ಬೂಟ್ ಮರೆತಿದ್ದು ನನ್ನ ತಪ್ಪೇ, ಸಾರಿ. ನೆಟ್ ವಿಷ್ಯಕ್ಕೆ ಬಂದ್ರೆ, ಐಡಬ್ಲ್ಯೂಸಿಟಿಎಲ್ ಇದ್ದಿದ್ದು ಪೆನ್‌ಡ್ರೈವಲ್ಲಿ, ನಿಮ್ಮ ಹೊಸ ಸಿಸ್ಟಮಲ್ಲಿ ನೀವು ಹಾಕಿದ್ದಷ್ಟೇ ಇರೋದು. ಮತ್ತೆ ಪೆನ್‌ಡ್ರೈವಿಂದ ಬೂಟ್ ಮಾಡಿ, ನೆಟ್, ರೂಟು, ಬೂಟು, ಕ್ರೂಟು, ಒಳಗೆ ನೆಟ್‌ವರ್ಕ್‌ಮ್ಯಾನೇಜರ್ ಹಾಕಿ ಸಿಸ್ಟಮ್‌ಸಿಟಿಎಲ್‌ನಲ್ಲಿ ಎನೇಬಲ್ ಮಾಡಿ (ಬೂಟ್ ಆದಾಗ ತಾನೇ ಶುರುವಾಗೋ ಹಂಗೆ). ಕ್ರೂಟ್ ಒಳಗೆ ಸ್ಟಾರ್ಟ್ ಅಂದ್ರೆ ಕೇಳಲ್ಲ, ಎನೇಬಲ್ ಸಾಕು.

ಹೊಸ_ಪೆಂಗ್ವಿನ್:
ಪೆನ್‌ಡ್ರೈವ್ ಹಾಕ್ದೆ. ಈ ಸಲ ಎಫ್‌ಎಸ್‌ಟ್ಯಾಬ್ ನೋಡದೇನೇ ಎರಡೂ ಮೌಂಟ್ ಮಾಡಿದೀನಿ.