ಸೀಸನ್ ಪೀಕ್‌ಗೆ ಡೀಸೆಲ್ ಜನರೇಟರ್ (ಡಿಜಿ) ಓಡಿಸಿದರೆ ಬಿಲ್ ಇಳಿಯುತ್ತದಾ? (ರೈಸ್ ಮಿಲ್, ದಾವಣಗೆರೆ)

ಹರಿಹರ ರಸ್ತೆ ಮಿಲ್:
ಬೆಸ್ಕಾಂ ಎಚ್‌ಟಿ (ಹೈ ಟೆನ್ಷನ್) ಕನೆಕ್ಷನ್, ಕಾಂಟ್ರ್ಯಾಕ್ಟ್ ಡಿಮ್ಯಾಂಡ್ (ಒಪ್ಪಂದದಲ್ಲಿ ಬರೆಸಿದ ಗರಿಷ್ಠ ಬಳಕೆ) 200 ಕೆವಿಎ. ಭದ್ರಾ ನಾಲೆ ಭತ್ತ ಬಂದಾಗ ಡ್ರೈಯರ್, ಶೆಲ್ಲರ್, ಪಾಲಿಷರ್ ಒಟ್ಟಿಗೆ ಓಡಿ ಡಿಮ್ಯಾಂಡ್ 260 ಮುಟ್ಟುತ್ತದೆ. ಪಿಎಫ್ (ಪವರ್ ಫ್ಯಾಕ್ಟರ್, ಎಳೆದ ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.85. ಹೆಚ್ಚಾದ 60ಕ್ಕೆ ಎರಡು ಪಟ್ಟು ದರ ಬೀಳುತ್ತಿದೆ. 125 ಕೆವಿಎ ಡಿಜಿ ಸುಮ್ಮನೆ ನಿಂತಿದೆ. 50 ಕಿಲೋವ್ಯಾಟ್ ಡ್ರೈಯರನ್ನು ಅದರ ಮೇಲೆ ಹಾಕಿದರೆ ಲಾಭವೇ? ಡಿಜಿಯನ್ನು ಗ್ರಿಡ್ಡಿಗೆ ಜೋಡಿಸಿ ಓಡಿಸುವ ಸಿಂಕ್ರನೈಸಿಂಗ್ ಪ್ಯಾನೆಲ್ ಬೇಕಾ? ಹೊಟ್ಟಿನಿಂದ ಕರೆಂಟ್ ತೆಗೆಯುವ ಮಾತೂ ಕೇಳುತ್ತೇವೆ.

ಪ್ಯಾನೆಲ್ ಬೋರ್ಡ್:
ಡೀಸೆಲ್‌ಗೆ ಕೈ ಹಾಕುವ ಮೊದಲು ಪಿಎಫ್ ನೋಡ್ರಿ ಸರ್. 0.85ರಲ್ಲಿ 260 ಕೆವಿಎ ಅಂದರೆ ನಿಜವಾದ ಲೋಡ್ 221 ಕಿಲೋವ್ಯಾಟ್. ಪಿಎಫ್ 0.98ಕ್ಕೆ ತಂದರೆ ಅದೇ ಲೋಡ್ ಸುಮಾರು 225 ಕೆವಿಎ. 100 ಕೆವಿಎಆರ್ ಎಪಿಎಫ್‌ಸಿ ಪ್ಯಾನೆಲ್ (ಪಿಎಫ್ ತಾನಾಗೇ ಸರಿಪಡಿಸುವ ಕೆಪಾಸಿಟರ್ ಪ್ಯಾನೆಲ್) ಸಾಕು. 60ರಲ್ಲಿ 35 ಅಲ್ಲೇ ಹೋಯಿತು. ಕಡಿಮೆ ಪಿಎಫ್ ದಂಡವೂ ನಿಲ್ಲುತ್ತದೆ.

ಉಳಿದ 25ಕ್ಕೆ ಮೀಟರ್‌ನ ಲೋಡ್ ಸರ್ವೆ (15 ನಿಮಿಷಕ್ಕೊಮ್ಮೆ ದಾಖಲಾದ ಡಿಮ್ಯಾಂಡ್) ಡೌನ್‌ಲೋಡ್ ಮಾಡಿಸಿ. ಮೋಟರ್ ಸ್ಟಾರ್ಟ್ ಆಗುವಾಗಿನ ಕ್ಷಣದ ಜಿಗಿತವನ್ನು ಮೀಟರ್ ಲೆಕ್ಕಕ್ಕೆ ಹಿಡಿಯಲ್ಲ, 15 ನಿಮಿಷದ ಸರಾಸರಿ ಹಿಡಿಯುತ್ತದೆ. ತಿಂಗಳಲ್ಲಿ ಅಂಥ ಒಂದೇ ಒಂದು 15 ನಿಮಿಷ ಮೀರಿದರೂ ಆ ತಿಂಗಳ ಡಿಮ್ಯಾಂಡ್ ಬಿಲ್ ಅದರ ಮೇಲೇ. 200 ದಾಟಿದ ಸ್ಲಾಟ್ ಎಷ್ಟು ಅಂತ ಎಣಿಸಿ. ಡಿಜಿ ಬೇಕೋ ಬೇಡವೋ ಅನ್ನೋದು ಆ ಎಣಿಕೆಯಲ್ಲೇ ಇದೆ.

ಡಿಜಿ ದುರ್ಗ:
ಲೆಕ್ಕ ನಾನು ಹಾಕ್ತೀನಿ. ಎಪಿಎಫ್‌ಸಿ ಇಲ್ಲ, ಕೆವಿಎಗೆ ತಿಂಗಳಿಗೆ 350 ರೂ., ಡೀಸೆಲ್ ಲೀಟರ್‌ಗೆ 90, ಗ್ರಿಡ್ ಯೂನಿಟ್‌ಗೆ 7 ಅಂತಿಟ್ಟುಕೊಳ್ಳಿ. ನಿಮ್ಮ ಬಿಲ್ ನೋಡಿ ಬದಲಿಸಿ. ಈ ಸೈಜಿನ ಡಿಜಿ ಅರ್ಧಕ್ಕಿಂತ ಮೇಲಿನ ಲೋಡಿನಲ್ಲಿ ಲೀಟರ್‌ಗೆ ಸುಮಾರು 3.4 ಯೂನಿಟ್ ಕೊಡುತ್ತದೆ. 50 ಕಿಲೋವ್ಯಾಟ್‌ಗೆ ಗಂಟೆಗೆ 14.7 ಲೀಟರ್, 1,323 ರೂ. ಗ್ರಿಡ್ಡಿನಲ್ಲಿ ಉಳಿದ 350 ಕಳೆದರೆ ಗಂಟೆಗೆ 973 ರೂ. ಕೈಯಿಂದ. ಆಯಿಲ್, ಫಿಲ್ಟರ್ ಬೇರೆ.

ದಂಡ, ಎರಡು ಪಟ್ಟು ದರದಲ್ಲಿ, 60 × 700 = 42,000. ಅಂದರೆ ತಿಂಗಳಿಗೆ 43 ಗಂಟೆ ದಾಟಿ ಡಿಜಿ ಓಡಿಸುವುದಕ್ಕಿಂತ ದಂಡ ಕಟ್ಟುವುದೇ ಅಗ್ಗ! ಕಾಂಟ್ರ್ಯಾಕ್ಟ್ ಡಿಮ್ಯಾಂಡನ್ನೇ 60 ಏರಿಸಿದರೆ ತಿಂಗಳಿಗೆ 21,000 ಹೆಚ್ಚು. ಅದರ ಎದುರು ಡಿಜಿ ಗೆಲ್ಲುವುದು 20–21 ಗಂಟೆಯೊಳಗೆ ಮಾತ್ರ. ಆದರೆ ಏರಿಸಿದ ಡಿಮ್ಯಾಂಡ್‌ನ ಕನಿಷ್ಠ ಬಿಲ್ ಮಿಲ್ ನಿಂತ ತಿಂಗಳಲ್ಲೂ ಬರುತ್ತದೆ, ಡೆಪಾಸಿಟ್ಟೂ ಇದೆ. ಪೀಕ್ ಇರೋದು ಸುಗ್ಗಿಯ ಎರಡು-ಮೂರು ತಿಂಗಳಷ್ಟೇ ಆದರೆ ವರ್ಷದ ಲೆಕ್ಕ ಹಾಕಿ ನಿರ್ಧರಿಸಿ.

ಸಿಂಕ್ ಪ್ಯಾನೆಲ್ ಬೇಡ. ಗ್ರಿಡ್ಡಿಗೆ ಜೋಡಿಸಿ ಓಡಿಸಲು ಚೆಕ್-ಸಿಂಕ್, ರಿವರ್ಸ್ ಪವರ್, ವೆಕ್ಟರ್ ಶಿಫ್ಟ್ ಎಂಬ ರಕ್ಷಣಾ ರಿಲೇಗಳು, ಬೆಸ್ಕಾಂ ಮತ್ತು ವಿದ್ಯುತ್ ಪರಿವೀಕ್ಷಣಾಲಯದ ಒಪ್ಪಿಗೆ ಎಲ್ಲ ಬೇಕು. ಡ್ರೈಯರ್ ಫೀಡರ್‌ ಒಂದಕ್ಕೇ ಇಂಟರ್‌ಲಾಕ್ ಇರುವ (ಗ್ರಿಡ್, ಡಿಜಿ ಎರಡೂ ಒಟ್ಟಿಗೆ ಸೇರದಂತೆ ತಡೆಯುವ) ನಾಲ್ಕು ಪೋಲ್ ಚೇಂಜ್‌ಓವರ್ ಸ್ವಿಚ್ ಹಾಕಿ. ಮೂರು ಪೋಲ್ ಹಾಕಿದರೆ ಡಿಜಿ ನ್ಯೂಟ್ರಲ್, ಗ್ರಿಡ್ ನ್ಯೂಟ್ರಲ್ ಒಂದಾಗಿ ಅರ್ತ್ ಫಾಲ್ಟ್ ರಿಲೇ ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆ.

ಪ್ಯಾನೆಲ್ ಬೋರ್ಡ್:
ಒಂದು ಸೇರಿಸ್ತೀನಿ. ಡ್ರೈಯರ್ ಫೀಡರ್ ಮೇಲೆ ಕೆಪಾಸಿಟರ್ ಇದ್ದರೆ ಡಿಜಿಗೆ ಹೋಗುವಾಗ ಅದು ತಾನಾಗೇ ಕಟ್ ಆಗುವಂತೆ ಕಾಂಟ್ಯಾಕ್ಟರ್ ಇಂಟರ್‌ಲಾಕ್ ಮಾಡಿ. ಲೋಡ್ ಇಳಿದಾಗ ಲೀಡಿಂಗ್ ಪಿಎಫ್ ಆಗಿ ಆಲ್ಟರ್ನೇಟರ್ ವೋಲ್ಟೇಜ್ ಎವಿಆರ್ (ವೋಲ್ಟೇಜ್ ನಿಯಂತ್ರಕ) ಹಿಡಿತ ತಪ್ಪಿ ಏರುತ್ತದೆ.

ಸ್ಟಾರ್ಟ್ ಮಾಡುವಾಗ ದೊಡ್ಡ ಬ್ಲೋವರ್ ಮೊದಲು, ಸಣ್ಣ ಎಲಿವೇಟರ್ ಕೊನೆಗೆ. ಬರೀ ಎಲಿವೇಟರ್‌ಗೆ ಅಂತ 125 ಕೆವಿಎ ಓಡಿಸಬೇಡಿ. ಶೇ. 30ಕ್ಕಿಂತ ಕಡಿಮೆ ಲೋಡಿನಲ್ಲಿ ದಿನಗಟ್ಟಲೆ ಓಡಿದರೆ ಸಿಲಿಂಡರ್ ಕಾಯದೆ ಡೀಸೆಲ್ ಪೂರ್ತಿ ಉರಿಯಲ್ಲ, ಎಕ್ಸಾಸ್ಟಿನಲ್ಲಿ ಕಪ್ಪು ಎಣ್ಣೆ ಸೋರುತ್ತದೆ.

ಹೊಟ್ಟು ಗ್ಯಾಸ್:
ಹೊಟ್ಟಿನ ಗ್ಯಾಸಿಫೈಯರ್ (ಹೊಟ್ಟಿನಿಂದ ಎಂಜಿನ್‌ಗೆ ಗ್ಯಾಸ್ ತೆಗೆಯುವ ಯಂತ್ರ) ಪೀಕ್‌ಗೆ ಆಗಿಬರೋದಿಲ್ಲ. ಯೂನಿಟ್‌ಗೆ 1.2ರಿಂದ 1.5 ಕೆಜಿ ಹೊಟ್ಟು ಬೇಕು, 50 ಕಿಲೋವ್ಯಾಟ್‌ಗೆ ಗಂಟೆಗೆ 65–70 ಕೆಜಿ ಅಂದುಕೊಳ್ಳಿ. ಗಂಟೆಗೆ 2 ಟನ್ ಭತ್ತ ಆಡಿಸುವ ಮಿಲ್ಲಿಗೆ 400 ಕೆಜಿ ಹೊಟ್ಟು ಬರುತ್ತದೆ, ಆ ಲೆಕ್ಕಕ್ಕೆ ತೊಂದರೆ ಇಲ್ಲ. ಕುಸುಬಲಕ್ಕಿ ಮಾಡುವವರಾದರೆ ಮೊದಲು ಬಾಯ್ಲರ್ ತಿನ್ನುತ್ತದೆ. ತೊಂದರೆ ಟಾರ್‌ನದು. ತಣ್ಣಗಿನ ರಿಯಾಕ್ಟರ್ ಹೊತ್ತಿಸಿದಾಗ ಮೊದಲ ಗ್ಯಾಸ್ ಹೊಲಸು. ಅದನ್ನು ಫ್ಲೇರ್‌ನಲ್ಲಿ ಸುಡದೆ ಎಂಜಿನ್‌ಗೆ ಬಿಟ್ಟರೆ ಇನ್‌ಟೇಕ್ ವಾಲ್ವ್ ಅಂಟಿಕೊಳ್ಳುತ್ತದೆ. ದಿನಾ ಎರಡು ಗಂಟೆಗಾಗಿ ಹೊತ್ತಿಸಿ ಆರಿಸಿದರೆ ದಿನಾ ಅದೇ ಕಥೆ. ಹಗಲು ರಾತ್ರಿ ಸಮನಾಗಿ ಓಡುವ ಲೋಡ್ ಇದ್ದರೆ ಮಾತ್ರ ಯೋಚಿಸಿ. ಆಗಲೂ ಸ್ಕ್ರಬ್ಬರ್ ನೀರು (ಗ್ಯಾಸ್ ತೊಳೆದ ನೀರು) ಎಲ್ಲಿಗೆ ಬಿಡ್ತೀರಿ, ದಿನಕ್ಕೊಂದು ರಾಶಿ ಬೂದಿ ಯಾರು ಒಯ್ಯುತ್ತಾರೆ ಅನ್ನೋದನ್ನು ಮಷೀನ್ ರೇಟ್ ಕೇಳುವ ಮೊದಲೇ ಗೊತ್ತುಮಾಡಿಕೊಳ್ಳಿ.

ಹರಿಹರ ರಸ್ತೆ ಮಿಲ್:
ಲೋಡ್ ಸರ್ವೆಗೆ ಬರೆದುಕೊಡ್ತೀನಿ. ಎಪಿಎಫ್‌ಸಿ ಟ್ರಾನ್ಸ್‌ಫಾರ್ಮರ್ ಹತ್ತಿರವೋ, ಮೋಟರ್ ಹತ್ತಿರವೋ?

ಪ್ಯಾನೆಲ್ ಬೋರ್ಡ್:
ಎಲ್‌ಟಿ (ಲೋ ಟೆನ್ಷನ್) ಮೇನ್ ಪ್ಯಾನೆಲ್‌ನಲ್ಲೇ. ವಿಎಫ್‌ಡಿ (ಮೋಟರ್ ವೇಗ ಬದಲಿಸುವ ಡ್ರೈವ್) ಇದ್ದರೆ ಶೇ. 7 ಡಿಟ್ಯೂನ್ಡ್ ರಿಯಾಕ್ಟರ್ ಸಮೇತ ತಗೊಳ್ರಿ, ಇಲ್ಲದಿದ್ದರೆ ಹಾರ್ಮೋನಿಕ್ಸ್‌ಗೆ (ಡ್ರೈವ್ ಹುಟ್ಟಿಸುವ ಕರೆಂಟ್ ಅಲೆಯ ಏರುಪೇರಿಗೆ) ಕೆಪಾಸಿಟರ್ ಊದಿಕೊಳ್ಳುತ್ತವೆ.