ಬಾಲಮಂದಿರಕ್ಕೆ ಕ್ಯಾಮೆರಾ ಹಾಕಿದರೆ ಸಾಕಾ?

ಕದ್ರಿ ಪಾರ್ಕ್: ಸರ್ಕಾರದ ಬಾಲಮಂದಿರಗಳಲ್ಲಿರುವ ಬುದ್ಧಿಮಾಂದ್ಯ ಮಕ್ಕಳ ಮೇಲೆ ದೌರ್ಜನ್ಯ ಆಗದ ಹಾಗೆ ಎಂತ ಮಾಡುವುದು ಅಂತ ಎಲ್ಲರೂ ಕೇಳುತ್ತಾರೆ. ಸುಲಭ ಉಂಟು. ಪ್ರತಿ ಕೋಣೆಗೂ ಸಿಸಿಟಿವಿ ಹಾಕಿ, ಡಿಸಿ ಆಫೀಸಿನಲ್ಲಿ ಕೂತು ನೋಡಲಿ.

ಉಳ್ಳಾಲ ಟೀಚರ್: ಪ್ರತಿ ಕೋಣೆ ಅಂದ್ರೆ ಸ್ನಾನದ ಮನೆಗೂ ಹಾಕುತ್ತೀರಾ? ನಾನು ವಿಶೇಷ ಶಾಲೆಯಲ್ಲಿ ಕಲಿಸಿದವಳು. ದೊಡ್ಡ ಹುಡುಗಿಯರಿಗೂ ಲಂಗದ ಲಾಡಿ ಕಟ್ಟಬೇಕು, ಮುಟ್ಟಿನ ಪ್ಯಾಡ್ ಬದಲಿಸಬೇಕು. ದಿನಾ ಯಾರೋ ಮೈ ಮುಟ್ಟುತ್ತಲೇ ಇರುತ್ತಾರೆ, ಸುಮ್ಮನಿರುವುದು ಆ ಮಕ್ಕಳಿಗೆ ರೂಢಿ ಆಗಿರುತ್ತದೆ. ಮೊದಲು ರಾತ್ರಿ ಪಾಳಿಗೆ ಇಬ್ಬರು ಆಯಾಗಳನ್ನು ಹಾಕಿ. ಮಗುವಿನ ಮಾತು ತಿಳಿಯುವವರನ್ನು ಇಡಿ. ಕೆಲವು ಮಕ್ಕಳಿಗೆ ಬರುವುದೇ ನಾಲ್ಕು ತುಳು ಮಾತು.

ಬ್ರಹ್ಮಾವರದವ: "ನಾಲ್ಕು ತುಳು ಮಾತು" ಅಂತೆ! ಕುಂದಾಪ್ರ ಕನ್ನಡದ ಮಕ್ಕಳು ಬಾಲಮಂದಿರದಲ್ಲಿ ಇಲ್ವಾ? ಎಲ್ಲದಕ್ಕೂ ತುಳು ಎಳೆದು ತರಬೇಡಿ ಮಾರಾಯ್ರೆ.

ಕೊಡಿಯಾಲ್‌ಬೈಲ್ ವಕೀಲ: ಸುಮ್ನೆ ಭಾಷೆ ಜಗಳ ಯಾಕೆ? ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೊ ಕಾಯ್ದೆ ಓದಿ. ಅಂಗವಿಕಲ ಮಗುವಿನ ಹೇಳಿಕೆ ಬರೆದುಕೊಳ್ಳುವಾಗ ವಿಶೇಷ ಶಿಕ್ಷಕರ ನೆರವು ಪಡೆಯಬಹುದು, 26ನೇ ಸೆಕ್ಷನ್. ಕೈಕೆಳಗಿನವನ ಕೃತ್ಯ ಮುಚ್ಚಿಟ್ಟ ಮುಖ್ಯಸ್ಥನಿಗೆ 1 ವರ್ಷದವರೆಗೆ ಜೈಲು, 21ನೇ ಸೆಕ್ಷನ್.

ತುಳುನಾಡ ಮಗ: ವಕೀಲರಿಗೆ ಇದು "ಸುಮ್ನೆ". ತುಳು ಇನ್ನೂ ಸಂವಿಧಾನದ ಭಾಷೆಗಳ ಪಟ್ಟಿಗೆ, 8ನೇ ಪರಿಚ್ಛೇದಕ್ಕೆ, ಸೇರಿಲ್ಲ. ನಮ್ಮ ಮಕ್ಕಳ ಮಾತು ಪೊಲೀಸರು ಬರೆದುಕೊಳ್ಳುವುದು ಹೇಗೆ?

ಕೊಡಿಯಾಲ್‌ಬೈಲ್ ವಕೀಲ: ಪರಿಚ್ಛೇದಕ್ಕೂ ಇದಕ್ಕೂ ಎಂತ ಸಂಬಂಧ? ಬರೆದುಕೊಳ್ಳುವ ಭಾಷೆ ಮಗುವಿಗೆ ತಿಳಿಯದಿದ್ರೆ ದುಭಾಷಿ ಕೊಡಲೇಬೇಕು. 19ನೇ ಸೆಕ್ಷನ್.

ಬ್ರಹ್ಮಾವರದವ: "ಕೊಡಲೇಬೇಕು"! ಕೊಂಕಣಿಗೊಬ್ಬ, ಬ್ಯಾರಿಗೊಬ್ಬ, ತುಳುವಿಗೊಬ್ಬ. ದುಡ್ಡು ಯಾರಪ್ಪನದ್ದು? ಸರ್ಕಾರದ ಅನ್ನ ತಿನ್ನುವ ಮಕ್ಕಳಿಗೆ ಕನ್ನಡ ಕಲಿಸಿ, ಮುಗೀತು.

ಉಳ್ಳಾಲ ಟೀಚರ್: ಏನು ಮಾತಾಡುತ್ತಿದ್ದೀರಿ ನೀವು? ನೋವು ಅಂತ ಹೇಳಲೂ ಬಾರದ ಮಗು ನಿಮಗಾಗಿ ಕನ್ನಡ ಕಲಿಯಬೇಕಾ? ನನ್ನ ಕ್ಲಾಸಿನ ಒಬ್ಬ ಹುಡುಗ ಎಲ್ಲಿ ನೋವಾದರೂ ಎಡಗಿವಿ ಹಿಡಿದು ಬೆಂಚಿನ ಕೆಳಗೆ ಕೂರುತ್ತಿದ್ದ. ಅದು ತುಳುವೂ ಅಲ್ಲ, ಕನ್ನಡವೂ ಅಲ್ಲ. ದಿನಾ ಅವನ ಜೊತೆ ಇದ್ದವರಿಗೆ ಮಾತ್ರ ತಿಳಿಯುತ್ತಿತ್ತು. ಗುತ್ತಿಗೆ ಆಯಾಗಳನ್ನು ಆಗಾಗ ಬದಲಿಸಿದರೆ ಅದು ಯಾರಿಗೆ ಗೊತ್ತಾಗಬೇಕು?

ತುಳುನಾಡ ಮಗ: ಈಗ "ತುಳುವೂ ಅಲ್ಲ" ಅನ್ನುತ್ತೀರಿ. ಮೊದಲು ತುಳು ಅಂದದ್ದು ಯಾರು ಟೀಚರೇ?

ಕದ್ರಿ ಪಾರ್ಕ್: ನನ್ನ ಕ್ಯಾಮೆರಾ ಎಲ್ಲಿಗೆ ಹೋಯಿತು? 2018ರಲ್ಲಿ ಬಿಹಾರದ ಮುಜಫ್ಫರ್‌ಪುರದ ಬಾಲಿಕಾಗೃಹದಲ್ಲಿ ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ಆದ ಸುದ್ದಿ ಓದಿದ್ದೀರಲ್ವಾ? ಮೇಲಿಂದ ನೋಡುವವರಿದ್ದರೆ ಹಾಗಾಗುತ್ತಿತ್ತಾ?

ಕೊಡಿಯಾಲ್‌ಬೈಲ್ ವಕೀಲ: ಅದು ಹೊರಬಿದ್ದದ್ದು ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರ ಸೋಶಿಯಲ್ ಆಡಿಟ್‌ನಿಂದ, ಕ್ಯಾಮೆರಾದಿಂದ ಅಲ್ಲ. ಬಾಲ ನ್ಯಾಯ ಕಾಯ್ದೆಯಲ್ಲೂ 3 ತಿಂಗಳಿಗೊಮ್ಮೆಯಾದರೂ ತಪಾಸಣೆ ಆಗಬೇಕು ಅಂತ ಉಂಟು. ತಂಡದಲ್ಲಿ ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ ಇರಲೇಬೇಕು.

ಉಳ್ಳಾಲ ಟೀಚರ್: ಆ ತಪಾಸಣೆ ನಾನೂ ನೋಡಿದ್ದೇನೆ ವಕೀಲರೇ. ನಾನಿದ್ದ ಕಡೆ ಹಿಂದಿನ ದಿನವೇ ಫೋನ್ ಬರುತ್ತಿತ್ತು. ಹೊಸ ಬೆಡ್‌ಶೀಟ್ ಹಾಸುವುದು, ಅವರು ಹೋದ ಮೇಲೆ ಮಡಚಿ ಕಪಾಟಿಗೆ. ಮಕ್ಕಳನ್ನು ಬದಿಗೆ ಕರೆದು ಮಾತಾಡಿಸಿದವರು ಒಬ್ಬರೂ ಇಲ್ಲ.

ಬ್ರಹ್ಮಾವರದವ: ಹೊಸ ಬೆಡ್‌ಶೀಟ್ ಹಾಸಿದ್ದೂ ತಪ್ಪಾ? ಅಷ್ಟೆಲ್ಲ ಕಂಡವರು ಆಗ ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಫೋನ್ ಮಾಡಿದ್ರಾ ಇಲ್ವಾ, ಅದನ್ನು ಹೇಳಿ ಮೊದಲು.