ಯಾರನ್ನು ನಿಕಾಹ್ ಆಗುವಂತಿಲ್ಲ? ವಕೀಲೆಯ ಜೊತೆ ಪ್ರಶ್ನೋತ್ತರ

ಅಡ್ಮಿನ್: ಮಂಗಳೂರಿನ ಕುಟುಂಬ ನ್ಯಾಯಾಲಯದಲ್ಲಿ ಪ್ರಾಕ್ಟೀಸ್ ಮಾಡುವ ನಮ್ಮ ಗ್ರೂಪಿನ ವಕೀಲೆ ಇವತ್ತು ಸಿಗುತ್ತಾರೆ. ವಿಷಯ, ಇಸ್ಲಾಮಿನಲ್ಲಿ ಮದುವೆಗೆ ನಿಷಿದ್ಧವಾದ ಸಂಬಂಧಗಳು. ಹೆಸರು ಬೇಡ, ಪ್ರಶ್ನೆ ಮಾತ್ರ ಹಾಕಿ.

ವಕೀಲೆ: ಮೊದಲೇ ಹೇಳ್ತೇನೆ, ನಾನು ಮುಫ್ತಿ ಅಲ್ಲ. ಕಿತಾಬಿನಲ್ಲಿ ಎಂತ ಉಂಟು, ಕೋರ್ಟಿನಲ್ಲಿ ಎಂತ ನಿಲ್ಲುತ್ತದೆ, ಅಷ್ಟು ಹೇಳಬಲ್ಲೆ. ಮೂಲ ಪಟ್ಟಿ ಕುರ್‌ಆನಿನ ಅನ್ನಿಸಾ ಅಧ್ಯಾಯದ 22ರಿಂದ 24ರವರೆಗಿನ ವಚನಗಳಲ್ಲಿದೆ. ಗಂಡಸಿಗೆ ಶಾಶ್ವತವಾಗಿ ನಿಷಿದ್ಧ: ತಾಯಿ, ಮಗಳು, ಅಕ್ಕತಂಗಿ, ತಂದೆಯ ಸೋದರಿ, ತಾಯಿಯ ಸೋದರಿ, ಅಣ್ಣತಮ್ಮಂದಿರ ಮಗಳು, ಅಕ್ಕತಂಗಿಯರ ಮಗಳು, ಹಾಲು ಕೊಟ್ಟ ತಾಯಿ, ಹಾಲಿನ ಸೋದರಿ (ಒಬ್ಬಳೇ ತಾಯಿಯ ಹಾಲು ಕುಡಿದವಳು), ಹೆಂಡತಿಯ ತಾಯಿ, ಮಗನ ಹೆಂಡತಿ, ತಂದೆಯ ಹೆಂಡತಿ, ಕೂಡಿ ಬಾಳಿದ ಹೆಂಡತಿಗೆ ಮೊದಲೇ ಇದ್ದ ಮಗಳು. ಹೆಂಡತಿ ಇರುವಾಗ ಅವಳ ಸೋದರಿ, ಇನ್ನೊಬ್ಬನ ಹೆಂಡತಿ, ಇದ್ದತ್‌ನಲ್ಲಿರುವ (ಗಂಡ ತೀರಿಕೊಂಡ ಅಥವಾ ತಲಾಖ್ ಆದ ಮೇಲೆ ಕಾಯುವ ಅವಧಿಯಲ್ಲಿರುವ) ಹೆಂಗಸು, ಇವೆಲ್ಲ ಕಾರಣ ಇರುವವರೆಗಿನ ತಡೆ. ಇದನ್ನು ಓದಿ ಆಮೇಲೆ ಕೇಳಿ.

ಉಡುಪಿ_ಹುಡುಗ: ಮಾವನ ಮಗಳು ಆಗ್ತದಾ ಮೇಡಂ?

ವಕೀಲೆ: ಆಗ್ತದೆ. ಪಟ್ಟಿಯಲ್ಲಿ ಇಲ್ಲ.

ದಾವಣಗೆರೆ_ಸದಸ್ಯ: ಹೆಂಡತಿ ತೀರಿಕೊಂಡು ಎರಡು ತಿಂಗಳಾಯ್ತು, ಮಕ್ಕಳು ಚಿಕ್ಕವು. ಅವಳ ತಂಗಿ ಜೊತೆಗೇ ಸಂಬಂಧ ಮಾತಾಡ್ತಿದಾರೆ. ನಾನೂ ಇದ್ದತ್ ಮುಗಿಸಬೇಕಾ?

ವಕೀಲೆ: ಹೆಂಡತಿ ತೀರಿಕೊಂಡರೆ ಗಂಡಸಿಗೆ ಇದ್ದತ್ ಇಲ್ಲ. ಆಕೆ ಇದ್ದಾಗ ಇದ್ದ ತಡೆ ಈಗ ಇಲ್ಲ. ತಂಗಿಗೆ ಮನಸ್ಸುಂಟಾ ಅಂತ ಯಾರಾದರೂ ಕೇಳಿದ್ದೀರಾ? ಮಕ್ಕಳನ್ನು ನೋಡಿಕೊಳ್ಳಲು ಅಂತ ಹುಡುಗಿಯನ್ನು ಒಪ್ಪಿಸಿ ಕಳಿಸುವುದನ್ನು ಬಹಳ ನೋಡಿದ್ದೇನೆ.

ಅನಾಮಿಕ (ಪುತ್ತೂರು ತಾಲೂಕು): ಮದುವೆಯಾಗಿ ನಾಲ್ಕು ವರ್ಷ, ಒಂದು ಹೆಣ್ಣು ಮಗು. ಕಳೆದ ತಿಂಗಳು ಜಾಗದ ವಿಷಯದಲ್ಲಿ ಜಗಳ ಆಯಿತು. ಅದಾದ ಮೇಲೆ ಗಂಡನ ಸೋದರತ್ತೆ, "ಇವರಿಬ್ಬರಿಗೂ ಸಣ್ಣದಿರುವಾಗ ನಾನೇ ಹಾಲು ಕೊಟ್ಟದ್ದು, ಇವರು ಅಣ್ಣತಂಗಿ" ಅಂತ ಹೇಳಿದ್ದಾರೆ. ನಾನೀಗ ಉಮ್ಮನ ಮನೆಯಲ್ಲಿದ್ದೇನೆ. ಅವರ ಕಡೆಯವರು ಛಾಪಾ ಕಾಗದ ತಂದಿದ್ದಾರೆ. ನಮ್ಮ ನಿಕಾಹ್ ನಿಕಾಹೇ ಅಲ್ಲ, ಮಹರ್ (ಗಂಡ ಹೆಂಡತಿಗೆ ಕೊಡಬೇಕಾದ ವಧುಧನ), ಜೀವನಾಂಶ ಯಾವುದೂ ಬೇಡ ಅಂತ ಬರೆದಿದೆ. ನಾಡಿದ್ದು ಇಬ್ಬರೂ ಸಹಿ ಹಾಕಬೇಕಂತೆ. ಮಗುವಿನ ಗತಿ ಏನು?

ವಕೀಲೆ: ಸಹಿ ಹಾಕಬೇಡಿ. ಉಳಿದದ್ದನ್ನು ನಿಧಾನ ಓದಿ.

ಹಾಲಿನ ಸಂಬಂಧ ಹಗುರ ವಿಷಯ ಅಲ್ಲ. ರಕ್ತದಿಂದ ಯಾರು ನಿಷಿದ್ಧವೋ ಹಾಲಿನಿಂದಲೂ ಅವರು ನಿಷಿದ್ಧ ಅಂತ ಹದೀಸ್ (ಪ್ರವಾದಿಯವರ ಮಾತು) ಉಂಟು. ಆ ಅತ್ತೆ ಹೇಳಿದ್ದು ನಿಜವೆಂದು ಸಾಬೀತಾದರೆ ನಿಮ್ಮ ನಿಕಾಹ್ ಮುಂದುವರಿಯುವಂತಿಲ್ಲ, ಅದನ್ನು ಮುಚ್ಚಿಟ್ಟು ಸಮಾಧಾನ ಹೇಳುವುದಿಲ್ಲ. ಆದರೆ ಜಗಳದ ಮರುದಿನ ಒಬ್ಬರು ಬಾಯಿಬಿಟ್ಟ ಮಾತ್ರಕ್ಕೆ ಸಾಬೀತಾಗುವುದಿಲ್ಲ. ಕರಾವಳಿಯ ನಾವು ಹೆಚ್ಚಿನವರು ಶಾಫಿಈ (ಸುನ್ನಿಗಳ ನಾಲ್ಕು ಕಾನೂನು ಪಂಥಗಳಲ್ಲಿ ಒಂದು; ಹನಫಿ, ಹಂಬಲಿ ಬೇರೆ ಪಂಥಗಳು). ಆ ಪ್ರಕಾರ ಮಗುವಿಗೆ ಚಾಂದ್ರಮಾನದ ಎರಡು ವರ್ಷ ತುಂಬುವ ಮೊದಲು, ಬೇರೆ ಬೇರೆಯಾಗಿ ಐದು ಸಲ ಹಾಲು ಹೊಟ್ಟೆಗೆ ಸೇರಿರಬೇಕು. ನಿಮಗೆ ಐದು, ಅವರಿಗೆ ಐದು. ಲೆಕ್ಕದಲ್ಲಿ ಸಂಶಯ ಬಂದರೆ ಸಂಬಂಧ ಹುಟ್ಟುವುದಿಲ್ಲ. ಸಾಕ್ಷಿಗೆ ಇಬ್ಬರು ಗಂಡಸರು, ಇಲ್ಲವೇ ಒಬ್ಬ ಗಂಡಸು ಇಬ್ಬರು ಹೆಂಗಸರು, ಇಲ್ಲವೇ ನಾಲ್ವರು ಹೆಂಗಸರು ಬೇಕು. ಹಾಲು ಕೊಟ್ಟವರೂ ಆ ನಾಲ್ವರಲ್ಲಿ ಒಬ್ಬರಾಗಬಹುದು. "ಇವರು ಹಾಲಿನ ಅಣ್ಣತಂಗಿ" ಅಂದರೆ ಸಾಲದು. ಯಾವಾಗ, ಎಷ್ಟು ಸಲ, ಹೊಟ್ಟೆಗೆ ಹೋಯಿತೇ, ಎಲ್ಲ ಬಿಡಿಸಿ ಹೇಳಬೇಕು.

ನನಗೆ ಹೆಚ್ಚು ಹೆದರಿಕೆ ಆ ಕಾಗದದ್ದು. ಗಂಡನೇ "ಹೌದು, ನಾವು ಹಾಲಿನ ಅಣ್ಣತಂಗಿ" ಅಂತ ಒಪ್ಪಿದರೆ, ನೀವು ಅಲ್ಲವೆಂದರೂ, ಸಾಕ್ಷಿ ಇಲ್ಲದಿದ್ದರೂ, ಅವರ ಮಾತು ಅವರನ್ನೇ ಕಟ್ಟಿಹಾಕುತ್ತದೆ. ನಿಕಾಹ್ ಮುರಿಯುತ್ತದೆ. ಆಗ ಕೂಡಿ ಬಾಳಿದ ಹೆಂಡತಿಗೆ ನಿಗದಿಯಾದ ಮಹರ್ ಪೂರ್ತಿ ಕೊಡಬೇಕು. ಅದಕ್ಕೇ ಅವರಿಗೆ ನಿಮ್ಮ ಸಹಿಯೂ ಬೇಕಾದದ್ದು. ಒಕ್ಕಣೆ ಬರೆದವನಿಗೆ ಇದೆಲ್ಲ ಗೊತ್ತುಂಟು ಅಂತ ನನ್ನ ಅನುಮಾನ. ಮೊಲೆ ಹಾಲಿನ ಪ್ರಾಯದಲ್ಲಿ ನಡೆದದ್ದು ನಿಮ್ಮ ಗಂಡನಿಗೆ ಹೇಗೆ ನೆನಪಿರುತ್ತದೆ? ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಹೇಳಲಿ.

ಮಗು: ತಿಳಿಯದೆ ಆದ ನಿಕಾಹ್‌ನಲ್ಲಿ ಹುಟ್ಟಿದ ಮಗುವಿಗೆ ತಂದೆಯ ನಸಬ್ (ವಂಶದ ಸಂಬಂಧ) ತಪ್ಪುವುದಿಲ್ಲ. ಖರ್ಚಿಗೆ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಉಂಟು, ಅದೇ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125. ಮದುವೆ ಯಾವ ತರದ್ದೇ ಆಗಲಿ, ಮಗುವಿನ ಹಕ್ಕನ್ನು ಛಾಪಾ ಕಾಗದದಲ್ಲಿ ಯಾರೂ ಬಿಟ್ಟುಕೊಡಲಿಕ್ಕಾಗುವುದಿಲ್ಲ.

ಇನ್ನು ಹೇಳಿ: ನಿಮಗಿಬ್ಬರಿಗೆ ಪ್ರಾಯ ಎಷ್ಟು ವ್ಯತ್ಯಾಸ? ನಿಮಗೆ ಯಾಕೆ ಅವರು ಹಾಲು ಕೊಡಬೇಕಾಯಿತು? ನಿಮ್ಮ ಉಮ್ಮ ಏನು ಹೇಳುತ್ತಾರೆ?

ಹುಬ್ಬಳ್ಳಿ_77: ಮೇಡಂ, ನಮ್ಮ ಹನಫಿಯೊಳಗ ಒಂದ್ ಗುಟುಕು ಸಾಕು. ಐದು ಐದು ಅಂತ ಹೇಳಿ ಮಂದೀನ್ನ ದಾರಿ ತಪ್ಪಸಬ್ಯಾಡ್ರಿ.

ವಕೀಲೆ: ಅವರು ಪುತ್ತೂರಿನವರು. ಶಾಫಿಈ ಅಂತಲೇ ಬರೆದಿದ್ದೇನೆ.

ಭಟ್ಕಳ_ಕಡಲು: ಒಂದೆರಡು ಸಲ ಚೀಪಿದರೆ ನಿಷಿದ್ಧ ಆಗುವುದಿಲ್ಲ ಅಂತ ಸಹೀಹ್ ಮುಸ್ಲಿಮ್ ಸಂಗ್ರಹದಲ್ಲೇ ಹದೀಸ್ ಉಂಟು ಭಾಯಿ.

ಹುಬ್ಬಳ್ಳಿ_77: ಬುಖಾರಿಯೊಳಗ ಉಕ್ಬಾ ಅವರ ಹದೀಸ್ ಓದ್ರಿ. ಒಬ್ಬಾಕಿ ಬಂದು ನಿಮ್ಮಿಬ್ಬರಿಗೂ ಹಾಲು ಕೊಟ್ಟೀನಿ ಅಂದ್ಲು, ಪ್ರವಾದಿಯವರು ಹೆಂಡ್ತೀನ್ನ ಬಿಡು ಅಂದ್ರು. ಒಬ್ಬಾಕಿ ಮಾತಿಗೇ!

ಭಟ್ಕಳ_ಕಡಲು: ನಿಮ್ಮ ಹನಫಿಯಲ್ಲೇ ಒಬ್ಬ ಹೆಂಗಸಿನ ಸಾಕ್ಷಿ ಸಾಲದು. ಹಂಬಲಿಗಳ ಮಾತಿಗೆ ಹನಫಿ ಟೊಪ್ಪಿ ಹಾಕಿ ಇಲ್ಲಿ ತರಬೇಡಿ.

ಹುಬ್ಬಳ್ಳಿ_77: ನೀವು ನನಗ ಹನಫಿ ಕಲಸ್ತೀರೇನು?

ವಕೀಲೆ: ಆ ಹದೀಸನ್ನು ಹಂಬಲಿಗಳು ತೀರ್ಪು ಅಂತ ಓದಿದ್ದಾರೆ, ಹನಫಿ ಮತ್ತು ಶಾಫಿಈಗಳು ಎಚ್ಚರಿಕೆಯ ಸಲಹೆ ಅಂತ. ಇಬ್ಬರೂ ಸಾಕು ಮಾಡಿ. ಇಲ್ಲಿ ಒಬ್ಬಳ ಸಂಸಾರದ ಪ್ರಶ್ನೆ.

ಮೂಡಿಗೆರೆ_ಕಾಫಿ: *ಫಾರ್ವರ್ಡ್* ಹಾಲಿನ ದೋಷ ಇದ್ದರೆ 60 ಬಡವರಿಗೆ ಊಟ ಹಾಕಿ ಹೊಸದಾಗಿ ನಿಕಾಹ್ ಓದಿಸಿದರೆ ಹಲಾಲ್ ಆಗುತ್ತದೆ. 10 ಜನರಿಗೆ ಕಳಿಸಿ.

ವಕೀಲೆ: ಇದನ್ನು ಯಾರು ಹುಟ್ಟಿಸಿದರು? 60 ಬಡವರ ಊಟ ಝಿಹಾರ್‌ಗೆ, ಅಂದರೆ ಹೆಂಡತಿಯನ್ನು "ನೀನು ನನಗೆ ತಾಯಿಯ ಬೆನ್ನಿನ ಹಾಗೆ" ಅಂದವನಿಗೆ ಇರುವ ಪ್ರಾಯಶ್ಚಿತ್ತಗಳಲ್ಲಿ ಒಂದು. ಹಾಲಿನ ಸಂಬಂಧ ಇದ್ದರೆ ಊರಿಗೆಲ್ಲ ಬಿರಿಯಾನಿ ಹಾಕಿದರೂ ಹೋಗುವುದಿಲ್ಲ. ಇಲ್ಲದಿದ್ದರೆ ಊಟವೇ ಬೇಡ. ಯಾರಾದರೂ ನಂಬಿ ಮಾಡಿದರೆ ಪಾಪ ನಿಮ್ಮ ತಲೆಗೆ. ತೆಗೆಯಿರಿ ಇದನ್ನು.

ಮೂಡಿಗೆರೆ_ಕಾಫಿ: ಬಂದದ್ದನ್ನು ಕಳಿಸಿದೆ ಅಷ್ಟೇ. ಸಿಟ್ಟು ಯಾಕೆ?

ಸುಳ್ಯ_ಸದಸ್ಯೆ: ಮಗು ಅವಧಿಗೆ ಮುಂಚೆ ಹುಟ್ಟಿತ್ತು, ಆಸ್ಪತ್ರೆಯಲ್ಲಿ ಹಾಲಿನ ಬ್ಯಾಂಕಿನ ಹಾಲು ಕೊಟ್ಟಿದ್ದಾರೆ. ಯಾರ ಹಾಲು ಗೊತ್ತಿಲ್ಲ. ಮುಂದೆ ಮದುವೆಗೆ ತೊಂದರೆಯಾ?

ದಮ್ಮಾಮ್_ಕನ್ನಡಿಗ: 1985ರಲ್ಲಿ ಫಿಕ್ಹ್ (ಇಸ್ಲಾಮಿ ಕಾನೂನು) ಅಕಾಡೆಮಿಯೇ ಮುಸ್ಲಿಂ ದೇಶಗಳಲ್ಲಿ ಹಾಲಿನ ಬ್ಯಾಂಕ್ ಬೇಡ ಅಂದಿದೆ. ಗೊತ್ತಿದ್ದೂ ಕೊಡಿಸಿದಿರಾ?

ಸುಳ್ಯ_ಸದಸ್ಯೆ: ಮಗು ಒಂದು ಕಿಲೋ ಇತ್ತು ಅಣ್ಣಾ. ಮೇಡಂ ಹೇಳಲಿ.

ಉಡುಪಿ_ಹುಡುಗ: ಮೇಡಂ, ಅತ್ತೆ ಮಗಳು?

ವಕೀಲೆ: ಆಗ್ತದೆ. ಮೇಲೆ ನೋಡಿ.

ಶಿವಮೊಗ್ಗ_ಮಲೆನಾಡು: ತಪ್ಪು ತಿಳೀಬೇಡಿ, ನಿಮ್ಮಲ್ಲಿ ಚಿಕ್ಕಪ್ಪನ ಮಗಳನ್ನೂ ಮದುವೆಯಾಗ್ತಾರಂತಲ್ಲ? ತಂಗಿ ಅಲ್ವಾ ಅವಳು?

ಭಟ್ಕಳ_ಕಡಲು: ನಿಮ್ಮಲ್ಲಿ ಸ್ವಂತ ಅಕ್ಕನ ಮಗಳನ್ನೇ ಕಟ್ಟಿಕೊಳ್ತಾರೆ. ನಮಗೆ ಅದು ಹರಾಂ.

ಶಿವಮೊಗ್ಗ_ಮಲೆನಾಡು: ಅದು ನಮ್ಮ ಪದ್ಧತಿ. ಉತ್ತರಾಖಂಡದ ಹಾಗೆ ಒಂದೇ ಕಾನೂನು ಬರಲಿ, ಆಗ ಗೊತ್ತಾಗುತ್ತೆ.

ಭಟ್ಕಳ_ಕಡಲು: ಬರಲಿ, ನಿಮ್ಮ ಅಕ್ಕನ ಮಗಳೂ ಹೋಗ್ತಾಳೆ.

ವಕೀಲೆ: ಉತ್ತರಾಖಂಡದ ನಿಷಿದ್ಧ ಪಟ್ಟಿಯಲ್ಲಿ ಎರಡೂ ಉಂಟು. ಅಕ್ಕನ ಮಗಳು 1955ರ ಹಿಂದೂ ವಿವಾಹ ಕಾಯ್ದೆಯಲ್ಲೂ ನಿಷಿದ್ಧವೇ, ರೂಢಿ ಇದ್ದಲ್ಲಿ ಮಾತ್ರ ವಿನಾಯಿತಿ. ಕೆಲಸಕ್ಕೆ ಬರುವ ಮಾತು ಒಂದು ಹೇಳ್ತೇನೆ. 1954ರ ವಿಶೇಷ ವಿವಾಹ ಕಾಯ್ದೆಯ ಪಟ್ಟಿಯಲ್ಲಿ ಚಿಕ್ಕಪ್ಪ, ಅತ್ತೆ, ಮಾವ, ಚಿಕ್ಕಮ್ಮ ನಾಲ್ವರ ಮಕ್ಕಳೂ ನಿಷಿದ್ಧ. ಮಾವನ ಮಗಳ ಜೊತೆ ನಿಕಾಹ್ ಆಗಿ, ವೀಸಾಕ್ಕೆ ಬೇಕು ಅಂತ ಅದೇ ಕಾಯ್ದೆಯಡಿ ನೋಂದಣಿಗೆ ಹೋಗುವ ಗಲ್ಫಿನವರು ಅಲ್ಲಿ ಸಿಕ್ಕಿಬೀಳುತ್ತಾರೆ. ಉಡುಪಿಯವರೇ, ಇದು ನಿಮಗೂ.

ಕಲಬುರಗಿ_ಸದಸ್ಯ: ಹೆಂಡತಿ ಇದ್ದಾಗಲೇ ಅವಳ ತಂಗಿ ಜೊತಿ ನಿಕಾಹ್ ಆದ್ರ ಅದು ಬಾತಿಲ್ (ಮೊದಲಿಂದಲೇ ಅಸಿಂಧು) ಅಲ್ಲೇನ್ರಿ? ಎರಡನೇದಾಕಿಗೆ ಜೀವನಾಂಶ ಕೊಡೋ ಪ್ರಶ್ನಿನ ಬರಂಗಿಲ್ಲ ಅಂತ ನಮ್ಮ ಭಾವ ಹೇಳ್ತಾನ.

ವಕೀಲೆ: ಭಾವನಿಗೆ ಹೇಳಿ, ನಿಮ್ಮದೇ ಜಿಲ್ಲೆಯ ಚಿಂಚೋಳಿಯ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ 2008ರಲ್ಲಿ ತೀರ್ಮಾನವಾಗಿದೆ. ಅದು ಬಾತಿಲ್ ಅಲ್ಲ, ಫಾಸಿದ್, ಅಂದರೆ ದೋಷ ಇರುವ ಮದುವೆ. ಕೋರ್ಟ್ ರದ್ದು ಮಾಡುವವರೆಗೆ ನಡೆಯುತ್ತದೆ, ಅಲ್ಲಿಯವರೆಗೆ ಜೀವನಾಂಶ ಕೊಡಬೇಕು. ಮದುವೆಯಾಗುವಾಗ ನೆನಪಾಗದ ಶರೀಅತ್ ದುಡ್ಡು ಕೊಡುವಾಗ ಮಾತ್ರ ನೆನಪಾಗುವುದು ಹೇಗೆ?

ಅನಾಮಿಕ (ಪುತ್ತೂರು ತಾಲೂಕು): ಮೇಡಂ, ಗಂಡ ನನಗಿಂತ ಮೂರೂವರೆ ವರ್ಷ ದೊಡ್ಡವರು. ನಾನು ಹುಟ್ಟಿದಾಗ ಉಮ್ಮನಿಗೆ ಜ್ವರ ಬಂದು ಒಂದು ರಾತ್ರಿ ಆ ಅತ್ತೆ ಎತ್ತಿಕೊಂಡಿದ್ದರಂತೆ. ಒಂದೇ ರಾತ್ರಿ ಅಂತ ಉಮ್ಮ ಹೇಳ್ತಾರೆ.

ಮೂಡಿಗೆರೆ_ಕಾಫಿ: ಮೂರು ವರ್ಷ ವ್ಯತ್ಯಾಸ ಇದ್ದರೆ ಲೆಕ್ಕಕ್ಕೇ ಇಲ್ಲ ಬಿಡಿ. ಒಟ್ಟಿಗೆ ಕುಡಿದರೆ ಮಾತ್ರ.

ವಕೀಲೆ: ತಪ್ಪು. ಒಟ್ಟಿಗೆ ಕುಡಿಯಬೇಕೆಂದಿಲ್ಲ. ಒಬ್ಬಳೇ ತಾಯಿ ಬೇರೆ ಬೇರೆ ವರ್ಷ ಕೊಟ್ಟರೂ ಸಂಬಂಧ ಬರುತ್ತದೆ. ಗೊತ್ತಿಲ್ಲದಿದ್ದರೆ ಸುಮ್ಮನಿರಿ ಮಾರಾಯ್ರೆ.

ತಂಗೀ, ಒಂದು ರಾತ್ರಿ ಎಂಬುದೇ ಮುಖ್ಯ. ಹಸಿದಾಗೊಮ್ಮೆ ಕುಡಿದು, ಬಿಟ್ಟು, ಮತ್ತೆ ಕುಡಿದರೆ ಅದು ಎರಡು ಸಲ; ಒಂದು ರಾತ್ರಿಯಲ್ಲೂ ಐದು ಆಗಬಾರದೆಂದಿಲ್ಲ. ಹಾಗಾಗಿ ಆ ರಾತ್ರಿ ಮನೆಯಲ್ಲಿದ್ದವರು ಯಾರು, ಯಾರು ಎಷ್ಟು ಕಂಡರು, ಗಂಡನ ವಿಷಯಕ್ಕೆ ಅವರ ತಾಯಿ ಏನು ಹೇಳುತ್ತಾರೆ, ಎಲ್ಲ ಬರೆದಿಡಿ. ಸೇರಿಸಿಯೂ ಬೇಡ, ಬಿಟ್ಟೂ ಬೇಡ. ಜಮಾಅತಿನಲ್ಲಿ ಕೂರುವುದಿದ್ದರೆ ಖಾಝಿಯವರ ಎದುರು ಆ ಅತ್ತೆಯೇ ಬಂದು ಲೆಕ್ಕ ಸಮೇತ ಹೇಳಲಿ. ಇತ್ಯರ್ಥ ಆಗುವವರೆಗೆ ದೂರ ಇದ್ದರೆ ತಪ್ಪಿಲ್ಲ, ಆದರೆ ಆ ಅವಧಿಯ ಖರ್ಚು ಗಂಡನದ್ದೇ. ನಿಕಾಹ್ ರಿಜಿಸ್ಟರಿನ ನಕಲು ಇವತ್ತೇ ತೆಗೆದುಕೊಳ್ಳಿ, ನಾಡಿದ್ದು ಕಾಣೆಯಾದೀತು.

ಹುಬ್ಬಳ್ಳಿ_77: ಅಂದ್ರ ಹರಾಂ ಅನುಮಾನ ಇದ್ರೂ ಸಂಸಾರ ಮಾಡ್ರಿ ಅಂತೀರೇನು? ಅಲ್ಲಾಹನ ಹೆದರಿಕಿ ಇಲ್ಲೇನ್ ನಿಮಗ?

ವಕೀಲೆ: "ದೂರ ಇದ್ದರೆ ತಪ್ಪಿಲ್ಲ" ಅಂತ ಬರೆದದ್ದು ಕಾಣಲಿಲ್ಲವಾ? ನಿಮಗೆ ಇನ್ನು ಉತ್ತರ ಇಲ್ಲ.

ದಮ್ಮಾಮ್_ಕನ್ನಡಿಗ: ವಕೀಲರಾದರೆ ಹದೀಸ್ ಮಾತಾಡಬಹುದಾ? ಅದಕ್ಕೆ ಉಸ್ತಾದರಿದ್ದಾರೆ.

ಭಟ್ಕಳ_ಕಡಲು: ಉಸ್ತಾದರನ್ನು ಕೇಳಿ ಅಂತಲೇ ಅವರು ಹೇಳ್ತಿರುವುದು. ಓದಲಿಕ್ಕೆ ಬರುವುದಿಲ್ಲವಾ?

ಸುಳ್ಯ_ಸದಸ್ಯೆ: ಮೇಡಂ, ಹಾಲಿನ ಬ್ಯಾಂಕಿನ ಪ್ರಶ್ನೆ?

ಅಡ್ಮಿನ್: ವೈಯಕ್ತಿಕ ನಿಂದನೆ ಮಾಡಿದವರನ್ನು ತೆಗೆಯುತ್ತೇನೆ. ಇಬ್ಬರಿಗೆ ಎಚ್ಚರಿಕೆ ಕೊಟ್ಟಾಯ್ತು.

ವಕೀಲೆ: ನಾಳೆ ಬೆಳಿಗ್ಗೆ ಕೋರ್ಟ್ ಉಂಟು, ಇವತ್ತಿಗೆ ಸಾಕು. ಪುತ್ತೂರಿನ ತಂಗಿ, ಛಾಪಾ ಕಾಗದದ ಫೋಟೊ ಇನ್‌ಬಾಕ್ಸಿಗೆ ಹಾಕಿ. ಎಲ್ಲ ಪುಟ ಬೇಕು, ಹಿಂಬದಿಯೂ.